ಹೆಚ್ಚು ಅಂದ್ರ ಕೂಡ್ಸೂದಲ್ಲ

ಬನಹಟ್ಟಿಯ ನೇಕಾರರ ಓಣಿಯ ಒಂದು ಶಾಲೆ. ಕಿಟಕಿಯಾಚೆ ಮಗ್ಗಗಳ ಸದ್ದು, ಒಳಗೆ ಐದನೇ ಇಯತ್ತೆಯ ಮಕ್ಕಳು. ಬಾಯಿಲೆಕ್ಕ ಕೇಳಿದೆ: "ಅಕ್ಕನ ಹತ್ರ 12 ಸೀರಿ ಅದಾವು. ಅವು ತಂಗಿ ಹತ್ರ ಇರೋದಕ್ಕಿಂತ 5 ಹೆಚ್ಚು. ಹಂಗಾರ ತಂಗಿ ಹತ್ರ ಎಷ್ಟದಾವು?" ಪ್ರಶ್ನೆ ಮುಗಿಯುವ ಮೊದಲೇ ಕೈಗಳೆದ್ದವು. "17 ರೀ ಸರ!"

ಈ ಮಕ್ಕಳ ಮನೆಯಲ್ಲಿ ಸೀರೆ ಎಣಿಸುವುದು ದಿನದ ಕೆಲಸ. ಸಾಹುಕಾರರಿಗೆ ಒಪ್ಪಿಸುವಾಗ ಒಂದು ಸೀರೆ ಹೆಚ್ಚುಕಡಿಮೆಯಾದರೂ ಥಟ್ಟನೆ ಹಿಡಿಯುತ್ತಾರೆ. ಸೀರೆ ಎಣಿಸುವಾಗ ತಪ್ಪದವರು ಸೀರೆಯ ಲೆಕ್ಕದಲ್ಲಿ ತಪ್ಪಿದರು. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. "ಅಕ್ಕಂದೊಂದು ಪಟ್ಟಿ ಎಳೀರಿ, ಅದರ ಕೆಳಗ ತಂಗೀದೊಂದು" ಎಂದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಮೇಲೊಂದು ಉದ್ದ ಪಟ್ಟಿ ಎಳೆದಳು. ಕೆಳಗಿನದನ್ನೂ ಉದ್ದವಾಗಿಯೇ ಶುರುಮಾಡಿದವಳು ನಡುವೆ ನಿಂತಳು, ಅಳಿಸಿದಳು, ಗಿಡ್ಡ ಮಾಡಿದಳು. ಮೇಲಿನ ಪಟ್ಟಿಯಲ್ಲಿ ಹೊರಗೆ ಚಾಚಿದ ತುದಿಗೆ 5 ಎಂದು ಬರೆದಳು. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಪಕ್ಕದ ಹುಡುಗನಿಗೆ ಹೇಳಿದಳು: "ಹೆಚ್ಚು ಅಂದ್ರ ಕೂಡ್ಸೂದಲ್ಲೋ. 7 ಬರತೈತಿ."

17 ಎಂದ ಮಕ್ಕಳದು ತಪ್ಪಿಲ್ಲ, ಅದು ನಮ್ಮ ಮಾಸ್ತರಿಕೆಯ ಫಲ. "ಒಟ್ಟು" ಕಂಡರೆ ಕೂಡು, "ಉಳಿದ" ಕಂಡರೆ ಕಳೆ, "ತಲಾ" ಕಂಡರೆ ಭಾಗಿಸು. ಈ ಮಂತ್ರವನ್ನು ನಾನೂ ವರ್ಷಗಟ್ಟಲೆ ಹೇಳಿಕೊಟ್ಟಿದ್ದೇನೆ. ಪರೀಕ್ಷೆಯಲ್ಲಿ ಒಂದಿಷ್ಟು ಅಂಕ ಬರುತ್ತವೆ, ಮಗುವಿಗೆ ಮಾತ್ರ ಲೆಕ್ಕ ಓದುವ ಗರಜೇ ಬೀಳುವುದಿಲ್ಲ. ಇದು ನಮ್ಮ ಸೀಮೆಯ ರೋಗವಷ್ಟೇ ಅಲ್ಲ. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ 1979ರಲ್ಲಿ ಗಣಿತ ಬೋಧನೆಯ ಸಂಶೋಧಕರು ಸಣ್ಣ ಮಕ್ಕಳಿಗೆ ಒಂದು ಕಿಡಿಗೇಡಿ ಪ್ರಶ್ನೆ ಕೊಟ್ಟರು: ಹಡಗಿನಲ್ಲಿ 26 ಕುರಿ, 10 ಆಡು ಇವೆ, ಕಪ್ತಾನನ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಕೊಟ್ಟ ಅಂಕಿಗಳನ್ನೇ ಹಿಡಿದು ಕಪ್ತಾನನಿಗೆ ವಯಸ್ಸು ಕಟ್ಟಿದರು. ಚಿತ್ರ ಬರೆಯಲು ಹೇಳಿದ್ದರೆ ಕುರಿ ಒಂದು ಕಡೆ, ಆಡು ಒಂದು ಕಡೆ ನಿಂತು, ಕಪ್ತಾನನ ವಯಸ್ಸಿಗೆ ಯಾವ ಗೆರೆಯೂ ತಾಗದೆ ಹುಡುಗರು ತಲೆ ಕೆರೆದುಕೊಳ್ಳುತ್ತಿದ್ದರು ಎಂದು ನನ್ನ ನಂಬಿಕೆ.

ಹೀಗೆ ಲೆಕ್ಕವನ್ನು ಗೆರೆ, ಚೌಕ, ಪಟ್ಟಿಗಳಲ್ಲಿ ಹರವಿಕೊಳ್ಳುವುದಕ್ಕೆ ತರಬೇತಿಗಳಲ್ಲಿ ಗ್ರಾಫಿಕ್ ಆರ್ಗನೈಸರ್ ಎನ್ನುತ್ತಾರೆ. ಅದನ್ನು ಕನ್ನಡಿಸಲು ಹೋಗಿ ಹಲ್ಲು ಮುರಿಯುವಂಥ ಪದ ಕಟ್ಟಿದವರಿದ್ದಾರೆ. ನಾನು ಲೆಕ್ಕದ ನಕಾಶೆ ಎನ್ನುತ್ತೇನೆ. ಹೊಲಕ್ಕೆ ನಕಾಶೆ ಇರುವಾಗ ಲೆಕ್ಕಕ್ಕೇಕೆ ಇರಬಾರದು?

ನನಗೆ ಬಲು ಹಿಡಿಸಿದ ನಕಾಶೆ ಅಮೆರಿಕದ ಇಲಿನಾಯ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಅಲನ್ ಜೋಲ್ಮನ್ ಅವರದು. ಪ್ರಬಂಧ ಬರೆಯಲು ಕಲಿಸುವ ನಾಲ್ಕು ಚೌಕದ ಹಾಳೆಯನ್ನು ಅವರು ಗಣಿತಕ್ಕೆ ಒಗ್ಗಿಸಿದರು. ಹಾಳೆಯ ನಡುವೆ ಒಂದು ವಜ್ರಾಕೃತಿ, ಸುತ್ತ ನಾಲ್ಕು ಮೂಲೆ. ನಡುವೆ ಬರೆಯಬೇಕಾದದ್ದು: ಏನು ಕಂಡುಹಿಡಿಯಬೇಕು? ಮೂಲೆಗಳಲ್ಲಿ: ಏನೇನು ಗೊತ್ತಿದೆ, ಯಾವ ದಾರಿಗಳಿವೆ, ಮಾಡಿ ನೋಡಿದ್ದು, ಕೊನೆಗೆ ಉತ್ತರ ಬಿಡಿಸಿ ಹೇಳುವಾಗ ಸೇರಬೇಕಾದದ್ದು. ಯಾವ ಮೂಲೆಯಿಂದ ಬೇಕಾದರೂ ಶುರುಮಾಡಬಹುದು. ಇದರ ಗುಟ್ಟು ಇರುವುದೇ ಇಲ್ಲಿ. ಮೇಲಿಂದ ಕೆಳಗೆ ಸಾಲು ಹಿಡಿದು ಬರೆ ಎಂದರೆ ಮೊದಲ ಸಾಲು ಹೊಳೆಯದ ಹುಡುಗ ಪೆನ್ನಿನ ತುದಿ ಕಚ್ಚುತ್ತ ಕೂರುತ್ತಾನೆ. ನಾಲ್ಕು ಮೂಲೆಯಿದ್ದರೆ ಗೊತ್ತಿದ್ದಲ್ಲಿ ಕಾಲಿಡುತ್ತಾನೆ.

ಮುಧೋಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕಬ್ಬು ಕಡಿಯುವ ಹಂಗಾಮಿನಲ್ಲಿ, ಈ ಹಾಳೆಯನ್ನು ಏಳನೆಯವರ ಮುಂದಿಟ್ಟೆ. ಲೆಕ್ಕ ಇದು: 3 ಎಕರೆ ಕಬ್ಬು, ಎಕರೆಗೆ 42 ಟನ್. ಎರಡು ಡಬ್ಬಿ ಜೋಡಿಸಿದ ಟ್ರ್ಯಾಕ್ಟರು ಒಂದು ಖೇಪಿಗೆ 18 ಟನ್ ಒಯ್ಯುತ್ತದೆ. ಫ್ಯಾಕ್ಟರಿ 14 ಕಿಲೋಮೀಟರ್ ದೂರ. ಎಷ್ಟು ಖೇಪು? ಹಾಳೆ ಇಲ್ಲದೆ ಕೊಟ್ಟ ದಿನ ಅರ್ಧ ತರಗತಿ 14ನ್ನು ಎಲ್ಲಿಯಾದರೂ ಗುಣಿಸಿಯೋ ಭಾಗಿಸಿಯೋ ಬಳಸಲೇಬೇಕೆಂದು ಹಟ ಹಿಡಿದಿತ್ತು. ಕೊಟ್ಟ ಅಂಕಿ ಬಿಟ್ಟರೆ ಪಾಪ ಬರುತ್ತದೆ ಎಂಬಂತೆ! ಹಾಳೆ ಕೊಟ್ಟ ದಿನ ಅದೇ 14 ಕಿಮೀ "ಗೊತ್ತಿದ್ದದ್ದು" ಮೂಲೆಯಲ್ಲಿ ತೆಪ್ಪಗೆ ಕೂತಿತು. ನಡುವಿನ ಪ್ರಶ್ನೆಯ ಕಡೆ ಒಮ್ಮೆ, ಮೂಲೆಯ ಕಡೆ ಒಮ್ಮೆ ನೋಡಿ ಒಬ್ಬ ಹುಡುಗ ಅದಕ್ಕೆ ಕಾಟು ಹೊಡೆದ. 126 ಟನ್, 7 ಖೇಪು. ಆ ಕಾಟು ನನಗೆ ಉತ್ತರಕ್ಕಿಂತ ರುಚಿಸಿತು.

ಅವನ ಪಕ್ಕದವನದು ಬೇರೆ ಚಿಂತೆ. "ಸರ, ಫ್ಯಾಕ್ಟರಿ ಮುಂದ ಎರಡ ದಿನ ಪಾಳಿ ಹಚ್ಚಬೇಕಾಕ್ಕತಿ. ಅದನ್ನ ಯಾವ ಮೂಲ್ಯಾಗ ಬರೀಲಿ?" ಜೋಲ್ಮನ್ ಸಾಹೇಬರ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಹಾಳೆಯ ಹಿಂದೆ ಬರಿ ಎಂದೆ.

ಇದನ್ನೆಲ್ಲ ಹೊರಗಿನಿಂದ ಬಂದ ಹೊಸ ಸರಕೆಂದು ಮೂಗು ಮುರಿಯುವ ಹಿರಿಯ ಮಾಸ್ತರರಿಗೆ ಒಂದು ಹಳೆಯ ಸುದ್ದಿ. ಆರ್ಯಭಟೀಯಕ್ಕೆ ಕ್ರಿ.ಶ. 629ರಲ್ಲಿ ಟೀಕೆ ಬರೆದ ಮೊದಲನೆಯ ಭಾಸ್ಕರ ಲೆಕ್ಕ ಬಿಡಿಸುವ ಬಗೆ ನೋಡಿ. ಮೊದಲು ಉದ್ದೇಶಕ, ಅಂದರೆ ಪ್ರಶ್ನೆ. ಆಮೇಲೆ ನ್ಯಾಸ: ಕೊಟ್ಟ ಅಂಕಿಗಳನ್ನು, ಬೇಕಿದ್ದರೆ ಆಕೃತಿಯನ್ನೂ, ಎದುರಿಗೆ ಹರವಿಡುವುದು. ನಂತರ ಕರಣ, ಅಂದರೆ ಲೆಕ್ಕ ಮಾಡುವುದು, ಕೊನೆಗೆ ತಾಳೆ ನೋಡುವ ಹಂತ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕ ಸೇರಿದ ಜಾರ್ಜ್ ಪೋಲ್ಯ 1945ರಲ್ಲಿ ಹೇಳಿದ ನಾಲ್ಕು ಮೆಟ್ಟಿಲುಗಳೂ ಹೆಚ್ಚುಕಡಿಮೆ ಇವೇ: ಅರ್ಥ ಮಾಡಿಕೊ, ದಾರಿ ಹುಡುಕು, ಮಾಡು, ಹಿಂದಿರುಗಿ ನೋಡು. 1150ರ ಲೀಲಾವತಿಯಲ್ಲೂ ಉದಾಹರಣೆಯ ಬೆನ್ನಿಗೇ ನ್ಯಾಸ ಬರುತ್ತದೆ. ಮುಲ್ಕಿ ಪಾಸಾದ ನಮ್ಮ ಅಜ್ಜ ತ್ರೈರಾಶಿಕದ ಮೂರು ಅಂಕಿಗಳನ್ನು ಪಾಟಿಯ ಮೇಲೆ ಒಂದೇ ಸಾಲಿನಲ್ಲಿ ಇಟ್ಟ ಮೇಲೆಯೇ ಬಾಯಿ ತೆರೆಯುತ್ತಿದ್ದರು. ಪ್ರಮಾಣ, ಫಲ, ಇಚ್ಛಾ. ಅದೂ ನಕಾಶೆಯೇ. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯನ ಕೃತಿಗಳಲ್ಲಿ ಒಂದರ ಹೆಸರು ಚಿತ್ರಹಸುಗೆ. ಚಿತ್ರ ಎಂದರೆ ಅಲ್ಲಿ ಬರೆದ ಚಿತ್ರವೇ ಆಗಬೇಕೆಂದಿಲ್ಲ. ಆದರೂ ಆ ಹೆಸರು ಕೇಳಿದಾಗೆಲ್ಲ ನನಗೆ ಖುಷಿ.

ನಡುವೆ ಎಲ್ಲೋ ನಾವು ನ್ಯಾಸವನ್ನು ಕೈಬಿಟ್ಟು ಪ್ರಶ್ನೆಯಿಂದ ನೇರ ಉತ್ತರಕ್ಕೆ ಹಾರುವುದನ್ನು ಜಾಣತನ ಎಂದುಕೊಂಡೆವು. ಹತ್ತನೆಯ ತರಗತಿಯಲ್ಲಿ ನೋಡಿ. ತ್ರಿಕೋನಮಿತಿಯ ಅನ್ವಯಗಳಲ್ಲಿ ಗೋಪುರ, ಏಣಿ, ನೆರಳು ಬಂದರೆ ಎಂಥ ದಡ್ಡನೂ ಚಿತ್ರ ಬರೆದೇ ಮುಂದುವರಿಯುತ್ತಾನೆ. ಅದೇ ಹುಡುಗ ತಂದೆ-ಮಗನ ವಯಸ್ಸಿನ ಲೆಕ್ಕಕ್ಕೆ ಒಂದು ಗೆರೆ ಎಳೆಯಲು ನಾಚುತ್ತಾನೆ.

ರಬಕವಿ-ಬನಹಟ್ಟಿಯ ಮಕ್ಕಳು ನಾಚಬೇಕಿಲ್ಲ. ಜಕಾರ್ಡ್ ಮಗ್ಗದ ಸೆರಗು ಮೊದಲು ಮೂಡುವುದು ಗ್ರಾಫ್ ಹಾಳೆಯ ಮೇಲೆ. ನಿಂತ ಮನೆಗಳ ಸಾಲು ಹಾಸಿನ ಎಳೆ, ಅಡ್ಡ ಸಾಲು ಹೊಕ್ಕಿನ ಎಳೆ. ತುಂಬಿದ ಮನೆಯಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಖಾಲಿ ಇದ್ದಲ್ಲಿ ಏಳುವುದಿಲ್ಲ. ಆ ಒಂದೊಂದು ಅಡ್ಡ ಸಾಲೂ ಒಂದೊಂದು ರಟ್ಟಿನ ತೂತುಗಳಾಗಿ ಮಗ್ಗದ ನೆತ್ತಿಗೇರುತ್ತದೆ. ಈಗ ಆ ಹಾಳೆ ಬಹುಪಾಲು ಕಂಪ್ಯೂಟರಿನೊಳಗೆ ಸೇರಿದೆ, ತರ್ಕ ಮಾತ್ರ ಅದೇ. ಗ್ರಾಫಿನಲ್ಲಿ ಒಂದು ಮನೆ ತಪ್ಪಿದರೆ ಸೀರೆಯ ಹೂವು ಸೊಟ್ಟಗಾಗುತ್ತದೆಂದು ಅಪ್ಪನಿಂದ ಬೈಸಿಕೊಂಡ ಮಗುವಿಗೆ ಮೊದಲು ಹಾಳೆ, ಆಮೇಲೆ ಕೆಲಸ ಎಂದು ಬೇರೆ ಹೇಳಬೇಕೆ?

ಎಲ್ಲ ಲೆಕ್ಕಕ್ಕೂ ಒಂದೇ ನಕಾಶೆ ಹೊಂದುವುದಿಲ್ಲ. ಪಾಲು-ಹಿಸ್ಸೆಗೆ ಪಟ್ಟಿಯೇ ರಾಜ. ಸಿಂಗಾಪುರದ ಶಾಲೆಗಳು 1980ರ ದಶಕದಲ್ಲಿ ಈ ಪಟ್ಟಿಯನ್ನು ಪಾಠಕ್ಕೆ ತಂದು ಮುಂದೆ ಹೆಸರು ಮಾಡಿದವು. ಜಮಖಂಡಿ ಕಡೆಯ ಮಕ್ಕಳಿಗೆ ನಾನು ವಾಟ್ನಿಯ ಲೆಕ್ಕ ಕೊಡುತ್ತೇನೆ: 4 ಎಕರೆ 20 ಗುಂಟೆ ಹೊಲ, 2ಕ್ಕೆ 3ರಂತೆ ಹಂಚಬೇಕು. ಎಕರೆಗೆ 40 ಗುಂಟೆ, ಒಟ್ಟು 180. ಐದು ಸಮಪಟ್ಟಿ, ಒಂದೊಂದಕ್ಕೆ 36. ಒಬ್ಬನಿಗೆ 1 ಎಕರೆ 32 ಗುಂಟೆ, ಇನ್ನೊಬ್ಬನಿಗೆ 2 ಎಕರೆ 28. ಅನುಪಾತ ಎಂಬ ಪದಕ್ಕೆ ಬೆದರುವ ಮಗು ಪಟ್ಟಿಗೆ ಬೆದರುವುದಿಲ್ಲ.

ಎತ್ತರ-ಇಳಿತಕ್ಕೆ ನಿಂತ ಗೆರೆ ಬೇಕು. ಇದನ್ನು ನನಗೆ ಕಲಿಸಿದ್ದು ಬೀಳಗಿ ಕಡೆಯ ಒಂದು ತರಗತಿ. ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಒಪ್ಪಿದ್ದು 524.256. ಒಂದು ಮನೆಯ ಹೊಸ್ತಿಲು 521 ಮೀಟರಿನಲ್ಲಿದ್ದರೆ ಈಗಿನ ನೀರಿಗಿಂತ ಎಷ್ಟು ಮೇಲೆ, ಮುಂದೆ ಎಷ್ಟು ಕೆಳಗೆ? ದಶಾಂಶದ ವ್ಯವಕಲನ ಎಂದಿದ್ದರೆ ಆಕಳಿಸುತ್ತಿದ್ದ ತರಗತಿ ನಿಂತ ಗೆರೆಯ ಮೇಲೆ ಮೂರು ಗುರುತು ಹಾಕಿದ ಮೇಲೆ ಸುಮ್ಮನಾಯಿತು. 1.40 ಮೇಲೆ, 3.256 ಕೆಳಗೆ. "ಮನಿ ನಡಬರಕ ಬಂತ್ರಿ ಸರ" ಎಂದಳು ಒಬ್ಬಳು. ಮುಳುಗಡೆ ಎಂಬ ಪದ ಆ ಮಕ್ಕಳಿಗೆ ಪುಸ್ತಕದಿಂದ ಬಂದದ್ದಲ್ಲ.

ಒಂದು ತಕರಾರೂ ಇದೆ. ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಬಣ್ಣದ ಅಂಚು ಕಟ್ಟಿ ಗೋಡೆಗೆ ತೂಗುಬಿಟ್ಟ ನಕಾಶೆಗಳನ್ನು ಕಂಡರೆ ನನಗೆ ಆಗದು. ಅವು ಸಾಹೇಬರು ತಪಾಸಣೆಗೆ ಬಂದಾಗ ತೋರಿಸಲು ಚಂದ. ಅದಕ್ಕಿಂತ ಕೆಟ್ಟದ್ದು, ಮಾಸ್ತರರು ಬೋರ್ಡಿನ ಮೇಲೆ ತುಂಬಿದ ಚೌಕವನ್ನು ಮಕ್ಕಳು ಅಂದವಾಗಿ ನಕಲು ಮಾಡುವುದು. ಪಟ್ಟಿ ಸೊಟ್ಟಗಿರಲಿ, ಅಳತೆ ತಪ್ಪಲಿ, ಅದು ಮಗುವಿನ ಕೈಯದಾಗಿರಲಿ. ಬನಹಟ್ಟಿಯ ಹುಡುಗಿ ಕೆಳಗಿನ ಪಟ್ಟಿಯನ್ನು ಅಳಿಸಿ ಗಿಡ್ಡ ಮಾಡಿದಳಲ್ಲ, ಲೆಕ್ಕ ಬಿಡಿಸಿದ್ದು ಆ ಅಳಿಸುವಿಕೆಯೇ. ನಾನೇ ಪಟ್ಟಿ ಎಳೆದುಕೊಟ್ಟಿದ್ದರೆ ಅವಳಿಗೆ 7 ಸಿಗುತ್ತಿತ್ತು, ಅಷ್ಟೇ.

ಈ ವಾರ ಮನೆಯಲ್ಲಿ ಐದನೆಯದೋ ಆರನೆಯದೋ ಓದುವ ಮಗುವಿದ್ದರೆ ಇದನ್ನು ಕೊಡಿ: ಅವ್ವ, ಮಗಳು ಸೇರಿ 96 ಕಂಡಿಕೆ ಸುತ್ತಿದರು. ಅವ್ವ ಸುತ್ತಿದ್ದು ಮಗಳು ಸುತ್ತಿದ್ದರ ಮೂರು ಪಟ್ಟಿನ ಮೇಲೆ ಇನ್ನೂ 8. ಯಾರು ಎಷ್ಟು ಸುತ್ತಿದರು? ಖಾಲಿ ಹಾಳೆ, ಪೆನ್ಸಿಲ್ಲು, ರಬ್ಬರು ಕೊಟ್ಟು ನೀವು ಸ್ವಲ್ಪ ದೂರ ಕೂಡಿರಿ.