ಕೋಡಿಯ ಮಠದ ಶಾಸನವೂ ಸಮಾಜಕಾರ್ಯದ ವಿಚಾರವೂ

ಅಂಜನಾಪುರದ ಜಲಾಶಯವನ್ನೊಳಗೊಂಡ ಶಿಕಾರಿಪುರದ ಸೀಮೆಯು ಕೆರೆಗಳಿಗೂ ಶಿಲಾಲೇಖಗಳಿಗೂ ಸಮಾನವಾಗಿ ಹೆಸರಾದುದು. ಈ ತಾಲ್ಲೂಕಿನ ಬಳ್ಳಿಗಾವೆಯಲ್ಲಿ, ಕೇದಾರೇಶ್ವರ ದೇವಾಲಯಕ್ಕೆ ಸಂಬಂಧಿಸಿದ ಕೋಡಿಯ ಮಠವನ್ನು ವರ್ಣಿಸುವ ಕ್ರಿ. ಶ. 1162ರ ಶಾಸನವೊಂದುಂಟು. ಅದು ಕಳಚುರಿ ಬಿಜ್ಜಳನ ಕಾಲದ್ದು. ಆಗ ಮಠದ ಆಚಾರ್ಯನಾಗಿದ್ದವನು ಕಾಳಾಮುಖ ಪರಂಪರೆಯ ವಾಮಶಕ್ತಿ. ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದಂದಿನಿಂದ ವಿದ್ವಾಂಸರು ಇದನ್ನು ಪದೇ ಪದೇ ಉಪಯೋಗಿಸಿಕೊಂಡಿದ್ದಾರೆ. ಆದರೆ ಹಾಗೆ ಉಪಯೋಗಿಸುವಾಗ ಶಾಸನದ ವರ್ಣನೆಯನ್ನು ಎರಡಾಗಿ ಸೀಳುವುದು ರೂಢಿಯಾಗಿದೆ. ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಅದರ ಪೂರ್ವಾರ್ಧವನ್ನೂ, ದಾನಧರ್ಮಗಳ ಚರಿತ್ರೆಯನ್ನು ಬರೆಯುವವರು ಉತ್ತರಾರ್ಧವನ್ನೂ ಎತ್ತಿಕೊಳ್ಳುತ್ತಾರೆ. ಶಾಸನದ ಅಭಿಪ್ರಾಯವಾದರೋ ಇವೆರಡರ ಕೂಟದಲ್ಲಿದೆ.

ವರ್ಣನೆಯ ಬಂಧವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಶಾಸನಕವಿಯು ಮಠವನ್ನು ಒಂದಾದ ಮೇಲೊಂದರಂತೆ ಹಲವು ಕಾರ್ಯಗಳಿಗೆ ‘ಸ್ಥಾನ’ವೆಂದು ಕರೆಯುತ್ತಾನೆ. ಅದು ವೇದಗಳ ಅಧ್ಯಯನಕ್ಕೂ, ಕೌಮಾರ, ಪಾಣಿನೀಯ, ಶಾಕಟಾಯನಾದಿ ವ್ಯಾಕರಣಗಳ ವ್ಯಾಖ್ಯಾನಕ್ಕೂ, ಬೌದ್ಧವನ್ನೊಳಗೊಂಡ ಷಡ್ದರ್ಶನಗಳಿಗೂ, ಲಾಕುಲಸಿದ್ಧಾಂತ, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕಗಳಿಗೂ ಸ್ಥಾನ. ಅಲ್ಲಿಗೆ ಮಾತು ನಿಲ್ಲುವುದಿಲ್ಲ. ಅದೇ ಉಸಿರಿನಲ್ಲಿ ಅದು ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರ ಅನ್ನದಾನಕ್ಕೂ, ನಿರ್ಗತಿಕರಾದ ರೋಗಿಗಳ ಚಿಕಿತ್ಸೆಗೂ, ಸಕಲ ಪ್ರಾಣಿಗಳ ಅಭಯಕ್ಕೂ ಸ್ಥಾನವಾಗುತ್ತದೆ. ಓದಿನ ಮನೆ ಬೇರೆ, ಉಣಿಸಿನ ಮನೆ ಬೇರೆ ಎಂಬ ಭೇದವನ್ನು ಈ ರಚನೆ ಒಪ್ಪುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಶಾಕಟಾಯನ ವ್ಯಾಕರಣವು ಜೈನಾಚಾರ್ಯನ ಕೃತಿ. ಶೈವ ಮಠದ ಪಾಠಕ್ರಮದಲ್ಲಿ ಅದಕ್ಕೂ ಬೌದ್ಧ ದರ್ಶನಕ್ಕೂ ಎಡೆ ದೊರೆತಿದೆ. ಹಾಗೆಯೇ ಅನ್ನಕ್ಕೆ ಅರ್ಹರಾದವರ ಪಟ್ಟಿಯಲ್ಲಿ ಏಕದಂಡಿ, ತ್ರಿದಂಡಿಗಳ ಜೊತೆಗೆ ಕ್ಷಪಣಕರೂ ಬರುತ್ತಾರೆ. ಕಥೆ ಹೇಳುವವರು, ಹಾಡುವವರು, ಬಾರಿಸುವವರು, ಕುಣಿಯುವವರು ಬರುತ್ತಾರೆ. ನಾನಾ ದೇಶಗಳ ಭಿಕ್ಷುಕರು ಬರುತ್ತಾರೆ. ಪರಮತದ ಗ್ರಂಥವನ್ನು ಓದಿಸುವ ಮಠವೇ ಪರಮತದವನಿಗೆ ಊಟವನ್ನಿಡುತ್ತದೆ. ವಿದ್ಯೆಯ ವೈಶಾಲ್ಯಕ್ಕೂ ಸೇವೆಯ ವೈಶಾಲ್ಯಕ್ಕೂ ಇರುವ ಈ ಹೊಂದಿಕೆಯು ಕೇವಲ ಆಕಸ್ಮಿಕವೆಂದು ತಳ್ಳಿಹಾಕತಕ್ಕದ್ದಲ್ಲ.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿ ಏಳುತ್ತದೆ. ಇದು ಪ್ರಶಸ್ತಿ, ಪ್ರಶಸ್ತಿಯಲ್ಲಿ ಅತಿಶಯೋಕ್ತಿಯು ಅಲಂಕಾರವಲ್ಲದೆ ದೋಷವಲ್ಲ. ಎಷ್ಟು ರೋಗಿಗಳು ಗುಣ ಹೊಂದಿದರು, ಎಷ್ಟು ಮಂದಿ ಉಂಡರು ಎಂಬ ಲೆಕ್ಕವನ್ನು ಈ ವರ್ಣನೆ ಕೊಡುವುದಿಲ್ಲ. ಆದುದರಿಂದ ಇದನ್ನೇ ಆಧಾರವಾಗಿಟ್ಟುಕೊಂಡು ಹನ್ನೆರಡನೆಯ ಶತಮಾನದ ಬಳ್ಳಿಗಾವೆಯಲ್ಲಿ ಈಗಿನ ರೀತಿಯ ಆಸ್ಪತ್ರೆಯಿತ್ತೆಂದು ಸಾಧಿಸುವುದು ಸಾಹಸವೇ ಸರಿ. ಆದರೂ ಪ್ರಶಸ್ತಿಗೆ ತನ್ನದೇ ಆದ ಪ್ರಾಮಾಣ್ಯವುಂಟು. ಕೇಳುವವರು ಯಾವುದನ್ನು ಶ್ಲಾಘ್ಯವೆಂದು ಬಗೆಯುವರೋ ಅದನ್ನೇ ಕವಿಯು ಹೊಗಳಬೇಕು. ಮಠಕ್ಕೆ ಕೀರ್ತಿ ಬರಬೇಕಾದರೆ ಪಾಂಡಿತ್ಯವೊಂದೇ ಸಾಲದು, ಕುರುಡನಿಗೂ ರೋಗಿಗೂ ಅಲ್ಲಿ ಆಶ್ರಯವಿರಬೇಕು ಎಂಬುದು ಆ ಕಾಲದ ಸಭ್ಯ ಸಮಾಜದ ಅಳತೆಗೋಲಾಗಿತ್ತೆಂಬುದಕ್ಕೆ ಈ ಶಾಸನವು ಸಾಕ್ಷಿ.

ಆದರೆ ಈ ಸಾಕ್ಷಿಯಲ್ಲಿ ಒಂದು ಕೊರತೆಯನ್ನೂ ವಿಮರ್ಶಕನು ಮರೆಮಾಚಬಾರದು. ದಾನಶಾಸನಗಳ ಕಟ್ಟುಪಾಡು ಪ್ರಸಿದ್ಧವಾದುದು: ಭೂಮಿಯ ಎಲ್ಲೆ, ತೆರಿಗೆಯ ವಿನಾಯಿತಿ, ಕಡೆಯಲ್ಲಿ ದಾನವನ್ನು ಅಪಹರಿಸಿದವನಿಗೆ ಶಾಪ. ಈ ಕಟ್ಟುಪಾಡು ದತ್ತಿಯನ್ನು ಹೊರಗಿನ ಅಪಹಾರದಿಂದ ಕಾಯುತ್ತದೆ. ಉಣಿಸುವವನು ಅನಾದರ ತೋರಿದರೆ, ಮದ್ದು ಕೊಡುವವನು ಮದ್ದನ್ನರಿಯದವನಾದರೆ, ಬಡವನು ಯಾರಲ್ಲಿ ಮೊರೆಯಿಡಬೇಕು? ಕೊಟ್ಟವನ ಹೆಸರೂ ಪಡೆದ ಆಚಾರ್ಯನ ಹೆಸರೂ ಕಲ್ಲಿನಲ್ಲಿವೆ; ಉಂಡವನ ಮಾತು ಇಲ್ಲ. ಅಲ್ಲಿ ಅವನು ಪಟ್ಟಿಯಲ್ಲಿನ ಒಂದು ಪದ ಮಾತ್ರ.

ಕನ್ನಡದಲ್ಲಿ ಶಾಸನವೆಂಬ ಶಬ್ದವು ಶಿಲಾಲೇಖಕ್ಕೂ ಕಾಯಿದೆಗೂ ಸಲ್ಲುತ್ತದೆ. ಹಳೆಯ ಶಾಸನದಲ್ಲಿ ಕಾಣದ ಅಂಶವನ್ನು ಹೊಸ ಶಾಸನಗಳು ತುಂಬಿಕೊಟ್ಟಿವೆಯೆ ಎಂದು ಪರಿಶೀಲಿಸುವುದು ಆದುದರಿಂದ ಅಪ್ರಸಕ್ತವಲ್ಲ. ಭಾರತದಲ್ಲಿ ಸಮಾಜಕಾರ್ಯವನ್ನು ವಿದ್ಯೆಯಾಗಿ ಕಲಿಸುವ ಏರ್ಪಾಡು 1936ರಲ್ಲಿ ಮುಂಬಯಿಯಲ್ಲಿ ಟಾಟಾ ಧರ್ಮನಿಧಿಯ ಶಾಲೆಯಿಂದ ಮೊದಲಾಯಿತು. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯವು 1960ರಲ್ಲಿ ಸ್ಥಾಪಿತವಾಯಿತು. 2017ರ ಮಾನಸಿಕ ಆರೋಗ್ಯ ರಕ್ಷಣೆಯ ಕಾಯಿದೆಯು ಮನೋವೈದ್ಯಕೀಯ ಸಮಾಜಕಾರ್ಯಕರ್ತನಿಗೆ ಇರಬೇಕಾದ ವ್ಯಾಸಂಗವನ್ನು ಗೊತ್ತುಮಾಡಿತು. ಅದೇ ಕಾಯಿದೆಯು ರೋಗಿಯ ಹಕ್ಕುಗಳನ್ನೂ ಹೇಳಿ, ಸೇವೆಯಲ್ಲಿ ಲೋಪವಾದರೆ ದೂರು ಕೊಡುವ ಅಧಿಕಾರವನ್ನು ಅವನಿಗಿತ್ತಿತು. 2021ರಲ್ಲಿ ಬಂದ ಆರೋಗ್ಯಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನ ಅನುಸೂಚಿಯಲ್ಲಿ ಸೇರಿಸಿತು. ಆದರೆ ಆರೋಗ್ಯದ ಹೊರಗೆ, ಹಳ್ಳಿಗಳಲ್ಲಿ, ಬಾಲಾಶ್ರಮಗಳಲ್ಲಿ, ಸೆರೆಮನೆಗಳಲ್ಲಿ ದುಡಿಯುವ ಸಮಾಜಕಾರ್ಯಕರ್ತರೆಲ್ಲರನ್ನೂ ಒಂದು ನಿಯಮಕ್ಕೆ ಒಳಪಡಿಸುವ ಕೇಂದ್ರ ಕಾಯಿದೆಯು ಇನ್ನೂ ಬಂದಿಲ್ಲ.

ಹೀಗೆ ತೂಗಿ ನೋಡಿದಲ್ಲಿ ಎರಡು ಕಾಲಗಳೂ ಒಂದಕ್ಕೊಂದು ಪಾಠ ಹೇಳುತ್ತವೆ. ಉಪಕೃತನಿಗೆ ಹಕ್ಕುಂಟು, ಉಪಕಾರಕನಿಗೆ ಪರೀಕ್ಷೆಯುಂಟು ಎಂಬ ತತ್ತ್ವವು ಹೊಸ ಕಾಲದ ಲಾಭ. ಹೊಸ ಕಾಲವು ಬಿಡಿಸಿಟ್ಟಿರುವ ಅಧ್ಯಯನವನ್ನೂ ಅನ್ನವನ್ನೂ ಚಿಕಿತ್ಸೆಯನ್ನೂ ಒಂದೇ ಸ್ಥಾನದಲ್ಲಿ ಕಂಡುದು ಬಳ್ಳಿಗಾವೆಯ ಹಿರಿಮೆ. ತರಗತಿಗಳಲ್ಲಿ ಈ ಭಾಗವನ್ನು ಪಾಠ ಹೇಳುವ ಅಧ್ಯಾಪಕರು ಇದನ್ನು ನಾಡಿನ ಹೆಮ್ಮೆಯ ಮಾತೆಂದು ಓದಿಸಿ ಮುಗಿಸಿದರೆ ಅರ್ಧ ಕೆಲಸವಾದಂತೆ. ವ್ಯಾಕರಣಗಳ ಹೆಸರುಗಳನ್ನು ವಿವರಿಸುವಷ್ಟೇ ಶ್ರದ್ಧೆಯಿಂದ ಕುಂಟರ, ಕುರುಡರ, ಕಿವುಡರ ಹೆಸರುಗಳನ್ನೂ ವಿವರಿಸಬೇಕು; ಅವರು ಆ ವಾಕ್ಯದಲ್ಲಿ ಏಕೆ ಬಂದರು, ಏಕೆ ಮಾತಾಡಲಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಬೇಕು. ಶಾಸನದ ಪೂರ್ಣಪಾಠವು ಆಗ ದೊರಕುತ್ತದೆ.