ಬ್ರಹ್ಮಗಿರಿಯ ಕಲ್ಗೋರಿಗಳ ನಿರ್ಮಾಣ ಹಂತಗಳು: ಕಾಲನಿರ್ಣಯದ ಮರುಪರಿಶೀಲನೆ

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನವು ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಸ್ತರಾಧಾರಿತವಾದ ಅನುಕ್ರಮವೊಂದನ್ನು ಒದಗಿಸಿತು. ಅಲ್ಲಿನ ಬೃಹತ್ ಶಿಲಾ ಸಂಸ್ಕೃತಿಗೆ ಅವರು ನಿಗದಿಪಡಿಸಿದ ಅವಧಿ ಕ್ರಿ.ಪೂ. 200ರಿಂದ ಕ್ರಿ.ಶ. ಒಂದನೆಯ ಶತಮಾನದ ಮಧ್ಯಭಾಗದವರೆಗಿನದು.

ಈ ನಿರ್ಣಯದ ಮುಖ್ಯ ಆಧಾರ ಗೋರಿಗಳಲ್ಲಿರಲಿಲ್ಲವೆಂಬುದು ಗಮನಾರ್ಹ. ಅರಿಕಮೇಡುವಿನಲ್ಲಿ ರೋಮನ್ ಸಾಮಗ್ರಿಯೊಡನೆ ದೊರೆತಿದ್ದ ಚಕ್ರಾಂಕಿತ ಮಡಕೆಗಳು ಬ್ರಹ್ಮಗಿರಿಯ ವಾಸ್ತವ್ಯ ನೆಲೆಯ ಮೇಲಿನ ಸ್ತರದಲ್ಲಿಯೂ ಕಂಡುಬಂದವು. ಆ ಸ್ತರದ ಆರಂಭವನ್ನು ಕ್ರಿ.ಶ. ಒಂದನೆಯ ಶತಮಾನಕ್ಕೆ ನೆಲೆಗೊಳಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಲಾಯಿತು. ಮೇಲಿನ ಮಿತಿಯೇನೋ ಗಟ್ಟಿಯಾಗಿತ್ತು. ಕೆಳಗಿನ ಮಿತಿ ಕೇವಲ ಅಂದಾಜು. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿದ ಹಳ್ಳೂರಿನ ಇಂಗಾಲ-14 ಕಾಲಮಾನಗಳು ಕಬ್ಬಿಣದ ಬಳಕೆಯನ್ನು ಸುಮಾರು ಕ್ರಿ.ಪೂ. 1000ಕ್ಕೆ ಒಯ್ದವು. ಎಂಟು ಶತಮಾನಗಳ ಅಂತರ ಸಣ್ಣದಲ್ಲ.

ಆದರೆ ಹಳ್ಳೂರಿನ ಕಾಲಮಾನವನ್ನು ಬ್ರಹ್ಮಗಿರಿಯ ಪ್ರತಿಯೊಂದು ಗೋರಿಗೂ ಅನ್ವಯಿಸುವುದು ವೀಲರ್ ಅವರ ದೋಷವನ್ನೇ ಪುನರಾವರ್ತಿಸಿದಂತೆ. ಎರಡರಲ್ಲಿಯೂ ವಾಸದ ನೆಲೆಯೇ ಕಲ್ಲಿನ ಕಟ್ಟಡದ ಪರವಾಗಿ ಸಾಕ್ಷಿ ನುಡಿಯುತ್ತಿದೆ. ಇಲ್ಲಿನ ಕಲ್ಗೋರಿ ಒಂದೇ ಕ್ರಿಯೆಯ ಫಲವೆಂದು ಭಾವಿಸಲು ಕಾರಣವಿಲ್ಲ. ಗುಂಡಿ ತೋಡಿ, ಕಣಶಿಲೆಯ ಚಪ್ಪಡಿಗಳನ್ನು ಒಂದಕ್ಕೊಂದು ಆತುಕೊಳ್ಳುವಂತೆ ಸ್ವಸ್ತಿಕಾಕಾರದಲ್ಲಿ ನಿಲ್ಲಿಸಿ, ಸುತ್ತಲೂ ಶಿಲಾವೃತ್ತವನ್ನು ಜೋಡಿಸಲಾಗಿದೆ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿಯಿದೆ; ಒಳಗೆ ಒಬ್ಬರಿಗಿಂತ ಹೆಚ್ಚು ಜನರ ಬಿಡಿ ಮೂಳೆಗಳಿವೆ. ಮುಚ್ಚಿದ ಗೋರಿಗೆ ಕಿಂಡಿಯೇಕೆ? ಕಟ್ಟಿದ ನಂತರವೂ ಅಸ್ಥಿಗಳನ್ನು ಸೇರಿಸುತ್ತಿದ್ದರೆಂಬ ಊಹೆಗೆ ಇದು ಎಡೆಕೊಡುತ್ತದೆ.

ಹಾಗಿದ್ದಲ್ಲಿ ಮೂಳೆಯ ಇಂಗಾಲ-14 ಪರೀಕ್ಷೆ ಮರಣದ ಕಾಲವನ್ನು ಹೇಳುತ್ತದೆಯೇ ಹೊರತು ಚಪ್ಪಡಿ ನಿಲ್ಲಿಸಿದ ಕಾಲವನ್ನಲ್ಲ. ಬೇರೆಡೆಯಿಂದ ಆಯ್ದು ತಂದ ಅಸ್ಥಿ ಗೋರಿಗಿಂತ ಹಳೆಯದಾಗಿರಬಹುದು, ಆಮೇಲೆ ಇಟ್ಟದ್ದು ಹೊಸದಾಗಿರಬಹುದು. ಮಡಕೆಯ ಉಷ್ಣದೀಪ್ತಿ ಪರೀಕ್ಷೆಯೂ ಅದನ್ನು ಸುಟ್ಟ ಕಾಲವನ್ನಷ್ಟೇ ತಿಳಿಸುತ್ತದೆ. ನಿರ್ಮಾಣಕ್ಕೆ ಹೆಚ್ಚು ಸಮೀಪದ ಸಾಕ್ಷಿ ಚಪ್ಪಡಿಯ ಬುಡದಲ್ಲಿ ಸಿಕ್ಕಿಕೊಂಡ ಮಣ್ಣು. ಅದು ಕೊನೆಯ ಬಾರಿ ಬೆಳಕು ಕಂಡ ಕಾಲವನ್ನು ಇಂದು ಅಳೆಯಬಹುದಾಗಿದೆ.

ಕಲ್ಗೋರಿಗಳ ನಡುವೆಯೇ ಇರುವ ಗುಂಡಿವೃತ್ತಗಳ ಪ್ರಶ್ನೆ ಇನ್ನೂ ಕಠಿನ. ಶವಗಳನ್ನು ಅಲ್ಲಿ ಕೊಳೆಯಲು ಬಿಟ್ಟು, ಬಳಿಕ ಅಸ್ಥಿಗಳನ್ನು ಕಲ್ಗೋರಿಗೆ ಒಯ್ಯುತ್ತಿದ್ದರೆಂಬುದು ವೀಲರ್ ಅವರ ಆಕರ್ಷಕ ಕಲ್ಪನೆ. ಅದು ನಿಲ್ಲಬೇಕಾದರೆ ಎರಡೂ ಬಗೆಯ ರಚನೆಗಳು ಒಂದೇ ಕಾಲದಲ್ಲಿ ಬಳಕೆಯಲ್ಲಿರಬೇಕು. ಗುಂಡಿವೃತ್ತಗಳು ಒಂದೆರಡು ಶತಮಾನ ಹಿಂದಿನವೆಂದು ತೋರಿಬಂದರೆ, ಒಂದೇ ವಿಧಿಯ ಎರಡು ಅಂಗಗಳೆಂಬ ವಿವರಣೆ ಉಳಿಯುವುದಿಲ್ಲ.