ವರ್ಷದ ಹಾಡುಗಳು: ಒಬ್ಬ ಕೇಳುಗನ ಶ್ರೇಣಿ



ಹಾಡುಗಳಿಗೆ ಮೊದಲನೆಯದು, ಎರಡನೆಯದು ಎಂದು ಸ್ಥಾನ ಕಟ್ಟುವುದು ಭಕ್ತರಿಗೆ ತಕ್ಕ ಕೆಲಸವಲ್ಲವೆಂದು ತಮ್ಮಲ್ಲಿ ಕೆಲವರಿಗೆ ಅನಿಸೀತು. ಗಾಯನವು ಸೇವೆಯೆಂದಾದ ಮೇಲೆ ಅದಕ್ಕೆ ತಕ್ಕಡಿ ಹಿಡಿಯುವುದೇಕೆಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಕೇಳುಗನ ಮನಸ್ಸು ಬೇಡವೆಂದರೂ ಶ್ರೇಣಿ ಕಟ್ಟುತ್ತಲೇ ಇರುತ್ತದೆ. ಪುರಾಣ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ "ಇವತ್ತಿನ ಗವಾಯಿಗಳಿಗಿಂತ ಮೊನ್ನೆಯವರೇ ಮೇಲು" ಎಂದು ಆಡಿಕೊಳ್ಳದವರು ಯಾರಿದ್ದಾರೆ? ದಾರಿಯಲ್ಲಿ ಆಡಿ ಮರೆಯುವ ಆ ಮಾತನ್ನು ಕಾರಣಸಹಿತವಾಗಿ ಕಾಗದದ ಮೇಲಿಡುವುದಷ್ಟೇ ಈ ಲೇಖನದ ಉದ್ದೇಶ.

ಕಳೆದ ಯುಗಾದಿಯಿಂದ ಈ ಯುಗಾದಿಯವರೆಗೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಎದುರಿಗೆ ಕುಳಿತು ಕೇಳಿದ ವಚನ, ತತ್ವಪದಗಳಲ್ಲಿ ನಾಲ್ಕನ್ನು ಆರಿಸಿದ್ದೇನೆ. ಹಾಡಿದವರು ಪ್ರಸಿದ್ಧರಲ್ಲ, ಅವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಧ್ವನಿಮುದ್ರಿಕೆಗಳನ್ನು ಈ ಶ್ರೇಣಿಗೆ ಸೇರಿಸಿಲ್ಲ. ಅವು ಅಳತೆಗೋಲುಗಳು, ಅಳತೆಗೋಲನ್ನು ಸಾಲಿನಲ್ಲಿ ನಿಲ್ಲಿಸುವುದು ಉಚಿತವಲ್ಲ.

ಅಳತೆಗೋಲಿನ ಮಾತು ಬಂದಾಗ ನಮ್ಮ ಜಿಲ್ಲೆಯವರು ಮೊದಲು ನೆನೆಯಬೇಕಾದವರು ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು. ಹಿಂದೂಸ್ತಾನಿ ರಾಗದ ಹಂದರದಲ್ಲಿ ವಚನವನ್ನು ಹಬ್ಬಿಸಿದವರ ಮುಂಚೂಣಿಯಲ್ಲಿ ಅವರಿದ್ದರು. ಕ್ಲಾರಿಯೋನೆಟ್‌ನಂತಹ ಪರದೇಶದ ವಾದ್ಯಕ್ಕೆ ನಮ್ಮ ರಾಗಗಳನ್ನು ಕಲಿಸಿದ ನರಸಿಂಹಲು ವಡವಾಟಿಯವರು ಅವರ ಶಿಷ್ಯರು. ರಾಯಚೂರಿನ ರಂಗಮಂದಿರಕ್ಕೆ ಜಂಬಲದಿನ್ನಿಯವರ ಹೆಸರಿಟ್ಟು ಗೌರವಿಸಿದ್ದೇವೆ. ಹೆಸರಿನೊಡನೆ ಅವರ ಕ್ರಮವನ್ನೂ ಉಳಿಸಿಕೊಂಡಿದ್ದೇವೆಯೆ ಎಂಬುದು ಬೇರೆಯ ಪ್ರಶ್ನೆ. ಅವರೊಡನೆ ಮಲ್ಲಿಕಾರ್ಜುನ ಮನ್ಸೂರರು (೧೯೧೦–೧೯೯೨), ಬಸವರಾಜ ರಾಜಗುರುಗಳು, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦). ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ೧೯೨೩ರಲ್ಲಿ ಪ್ರಕಟವಾಗಿ ಓಲೆಗರಿಯ ವಚನವನ್ನು ಓದುಗರ ಕೈಗೆ ತಲುಪಿಸಿದರೆ, ಅಕ್ಷರ ಬಾರದವರ ಕಿವಿಗೆ ಅದನ್ನು ತಲುಪಿಸಿದ ಪುಣ್ಯ ಇಂತಹ ಗಾಯಕರದು.

ಇಲ್ಲಿಯೇ ಒಂದು ತೊಡಕಿದೆ. ವಚನವು ಗದ್ಯ. ತಾಳದ ಲೆಕ್ಕ, ಗಣದ ಲೆಕ್ಕ ತಮಗೆ ತಿಳಿಯದೆಂದು ಬಸವಣ್ಣನವರೇ ಹೇಳಿಕೊಂಡಿದ್ದಾರೆ. ಹಾಡಲೆಂದೇ ಶರಣರು ಸ್ವರವಚನಗಳನ್ನು ಬೇರೆಯಾಗಿ ರಚಿಸಿದರು. ಅವುಗಳಿಗೆ ಪಲ್ಲವಿಯುಂಟು, ನುಡಿಗಳುಂಟು. ಸಾಮಾನ್ಯ ವಚನಕ್ಕೆ ಪಲ್ಲವಿಯಿಲ್ಲ. ಅದು ಒಂದು ಮಾತಿನಿಂದ ಹೊರಟು, ಎರಡನೆಯ ಮಾತಿನಲ್ಲಿ ತಿರುಗಿ, ಕಡೆಗೆ ಅಂಕಿತದ ಬಳಿ ಬಂದು ನಿಲ್ಲುವ ನಡಿಗೆ. ಗಾಯಕನಾದರೋ ಸಂಗೀತದ ಅನುಕೂಲಕ್ಕಾಗಿ ಮೊದಲ ಸಾಲನ್ನು ಸ್ಥಾಯಿಯಾಗಿ ಹಿಡಿಯುತ್ತಾನೆ, ಪ್ರತಿ ಸಾಲಿನ ನಂತರವೂ ಅಲ್ಲಿಗೇ ಮರಳುತ್ತಾನೆ. ವಚನ ಮುಂದಕ್ಕೆ ನಡೆಯುತ್ತದೆ, ಗಾಯನ ಹಿಂದಕ್ಕೆ ಎಳೆಯುತ್ತದೆ. ಈ ಜಗ್ಗಾಟದಲ್ಲಿ ಮಾತು ಉಳಿಯಿತೆ, ಸೋತಿತೆ ಎಂಬುದೇ ನನ್ನ ಶ್ರೇಣಿಯ ಆಧಾರ. ಕಂಠದ ಮಾಧುರ್ಯಕ್ಕೆ ನಾನು ಕೊಟ್ಟಿರುವುದು ಎರಡನೆಯ ಸ್ಥಾನ. ಇದನ್ನು ಒಪ್ಪದವರು ಮುಂದೆ ಓದುವಾಗ ನನ್ನ ಮೇಲೆ ಮುನಿಯದಿರಲಿ.

ಮೊದಲ ಸ್ಥಾನ ಮಸ್ಕಿಯದು. ಮಲ್ಲಿಕಾರ್ಜುನನ ಬೆಟ್ಟದ ಕೆಳಗೆ ಒಂದು ಮನೆಯ ಪಡಸಾಲೆಯಲ್ಲಿ ಅಕ್ಕನ ಬಳಗದ ತಾಯಿಯೊಬ್ಬರು ಅಕ್ಕಮಹಾದೇವಿಯ ಕನಸಿನ ವಚನವನ್ನು ಹಾಡಿದರು. ಹಾರ್ಮೋನಿಯಂ ಇರಲಿಲ್ಲ, ಒಂದು ಜೊತೆ ತಾಳವಷ್ಟೇ. ಆ ತಾಯಿಯ ಉಸಿರು ಉದ್ದವಲ್ಲ. ಉಸಿರು ಮುಗಿದಲ್ಲಿ ನಿಲ್ಲುತ್ತಿದ್ದರು. ಆಶ್ಚರ್ಯವೆಂದರೆ ಅರ್ಥವೂ ಅಲ್ಲಿಯೇ ನಿಲ್ಲುತ್ತಿತ್ತು. ವಚನದ ವಾಕ್ಯಖಂಡಗಳು ಆಡುಮಾತಿನ ಉಸಿರಿನ ಅಳತೆಗೆ ಕಟ್ಟಿದವುಗಳೆಂಬುದು ನೂರು ಪುಸ್ತಕ ಓದಿದರೂ ಹೀಗೆ ತಿಳಿಯದು. ಭಿಕ್ಷೆಗೆ ಬಂದ ಗೊರವ, ದಾಟಿ ಹೋಗುತ್ತಿದ್ದ ಅವನ ಬೆನ್ನುಹತ್ತಿ ಹಿಡಿದ ಕೈ, ಕೊನೆಗೆ ಚೆನ್ನಮಲ್ಲಿಕಾರ್ಜುನನ ದರ್ಶನ, ಅದರೊಡನೆಯೇ ಎಚ್ಚರ. ಈ ವಚನದಲ್ಲಿ ಅಂಕಿತವು ಬರಿಯ ಮುದ್ರೆಯಲ್ಲ. ಕನಸು ಎಚ್ಚರವಾಗುವ ಕ್ಷಣವೇ ಅದು. ತಾಯಿ ಅಲ್ಲಿ ಸ್ವರವನ್ನು ಇಳಿಸಿ ನಿಲ್ಲಿಸಿಬಿಟ್ಟರು. ಮೊದಲ ಸಾಲು ಮರಳಿ ಬಂದೀತೆಂದು ತಾಳ ಹಿಡಿದಾಕೆ ಒಂದು ಸಲ ಹೆಚ್ಚಾಗಿ ಬಡಿದು, ಸುಮ್ಮನಾದರು. ಕಣ್ಣು ತೆರೆದ ಅಕ್ಕನನ್ನು ಮತ್ತೆ "ಕನಸು ಕಂಡೆ" ಎನ್ನಿಸಿ ಮಲಗಿಸುವ ಗಾಯಕರನ್ನು ಎಷ್ಟು ಕೇಳಿಲ್ಲ!

ಇದಕ್ಕೆ ತಾವು ಆಕ್ಷೇಪ ಎತ್ತಬಹುದು: ಇದೇ ವಚನವನ್ನು ನಾಡಿಗೆಲ್ಲ ಪರಿಚಯಿಸಿದ ಮನ್ಸೂರರೂ ಮೊದಲ ಸಾಲಿಗೆ ಮರಳುತ್ತಾರಲ್ಲ? ಮರಳುತ್ತಾರೆ. ಆದರೆ ಆ ಸಾಲಿನಲ್ಲಿ ಗೆಳತಿಯನ್ನು ಕರೆಯುವ ಸಂಬೋಧನೆಯಿದೆ. ಕೇಳುವವಳ ಗಮನ ಬೇರೆಡೆ ಹೋದೀತೆಂದು ಹೇಳುವವಳು ಮತ್ತೆ ಮತ್ತೆ ಕರೆಯುವುದು ಲೋಕಸಹಜ. ಮನ್ಸೂರರ ಕಂಠದಲ್ಲಿ ಪ್ರತಿ ಸಲವೂ ಆ ಕರೆ ಬೇರೆಯಾಗಿರುತ್ತದೆ. ಒಮ್ಮೆ ಆತುರ, ಒಮ್ಮೆ ಸಂಕೋಚ. ಬಾಲ್ಯದಲ್ಲಿ ನಾಟಕ ಕಂಪನಿಯ ರಂಗದ ಮೇಲೆ ನಿಂತವರಿಗೆ ಮಾತಿನ ಸಂದರ್ಭ ತಪ್ಪುವುದಿಲ್ಲ. ಮರಳುವುದು ದೋಷವಲ್ಲ, ಏತಕ್ಕೆ ಮರಳುತ್ತೇನೆಂದು ತಿಳಿಯದಿರುವುದು ದೋಷ.

ಗದ್ಯವನ್ನು ಗಟ್ಟಿಯಾಗಿ ಹೇಳಿ ಜನರಿಗೆ ಮುಟ್ಟಿಸುವುದು ಮಸ್ಕಿಗೆ ಹೊಸದೇನಲ್ಲ. ೧೯೧೫ರಲ್ಲಿ ಗಣಿ ಇಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದು, ಅಶೋಕನ ಹೆಸರನ್ನೇ ಹೇಳಿ ಇತಿಹಾಸಕಾರರ ಸಂಶಯ ಕಳೆದ ಶಾಸನ ಇಲ್ಲಿಯದು. ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಧರ್ಮದಿಂದ ಮೇಲೇರಬಲ್ಲನೆಂದು ಅದು ಸಾರುತ್ತದೆ. ಪ್ರಾಕೃತದ ಆ ಮಾತಿಗೂ ಪಲ್ಲವಿಯಿಲ್ಲ.

ಎರಡನೆಯ ಸ್ಥಾನದ ಹಾಡನ್ನು ಲಿಂಗಸುಗೂರಿನಲ್ಲಿ ಕೇಳಿದೆ. ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಏಕತಾರಿ ಹಿಡಿದು ಬಸವಣ್ಣನವರ ದೇಹವೇ ದೇಗುಲವೆಂಬ ವಚನವನ್ನು ಹಾಡಿದರು. ಇದೇ ವಚನವನ್ನು ಶ್ರಾವಣದಲ್ಲಿ ಸಿಂಧನೂರಿನ ಪುರಾಣದ ವೇದಿಕೆಯ ಮೇಲೆ ಸುಶಿಕ್ಷಿತ ಕಂಠದ ತರುಣ ಗವಾಯಿಯೊಬ್ಬರಿಂದ ಕೇಳಿದ್ದೆ. ಎರಡನ್ನೂ ಜೊತೆಯಲ್ಲಿಟ್ಟು ನೋಡದೆ ನನ್ನ ಅಭಿಪ್ರಾಯ ತಮಗೆ ಸ್ಪಷ್ಟವಾಗದು.

ತರುಣರ ಕಂಠ ಈ ವರ್ಷ ನಾನು ಕೇಳಿದ ಕಂಠಗಳಲ್ಲೆಲ್ಲ ಶ್ರೇಷ್ಠವಾದುದು. ಮೂರು ಸ್ಥಾಯಿಗಳಲ್ಲೂ ಸಲೀಸಾಗಿ ಸಂಚರಿಸುವ ಸ್ವರ, ತಬಲಾದೊಡನೆ ನಿಷ್ಕಳಂಕವಾದ ಲಯ. ಆದರೂ ಅವರು ನನ್ನ ನಾಲ್ಕರಲ್ಲಿ ಇಲ್ಲ. ವಚನದ ಮೊದಲ ಮಾತು ಸಿರಿವಂತರ ಕುರಿತಾದುದು: ಅವರು ಗುಡಿ ಕಟ್ಟಿಸುತ್ತಾರೆ. ಎರಡನೆಯ ಮಾತು ಬಡವನ ಪ್ರಶ್ನೆ. ಆಮೇಲೆ ಕಾಲು ಕಂಬವಾಗುತ್ತದೆ, ಶಿರ ಕಳಶವಾಗುತ್ತದೆ. ಇಲ್ಲಿ ಅಂಕಿತದ ಬಳಿಕವೂ ಮಾತು ಉಳಿದಿದೆ. ನಿಂತದ್ದು ಅಳಿಯುತ್ತದೆ, ಚಲಿಸುವುದು ಅಳಿಯುವುದಿಲ್ಲವೆಂಬ ನಿರ್ಣಯ ಕೊನೆಗೆ ಬರುತ್ತದೆ. ತರುಣರು ಮೊದಲ ಸಾಲನ್ನು ಸ್ಥಾಯಿಯಾಗಿ ಹಿಡಿದರು, ಅದರ ಮೇಲೆಯೇ ಆಲಾಪ, ಅದರ ಮೇಲೆಯೇ ತಾನ. ನಾನು ಎಣಿಸಿದೆ: ಉಳ್ಳವರು ಹದಿನಾಲ್ಕು ಸಲ ಗುಡಿ ಕಟ್ಟಿಸಿದರು, ಬಡವನು ಎರಡು ಸಲ ಬಾಯಿ ತೆರೆದ, ಕೊನೆಯ ನಿರ್ಣಯ ಒಮ್ಮೆ ಬಂದು ತಬಲಾದ ತಿಹಾಯಿಯಲ್ಲಿ ಮುಳುಗಿತು. ಹಾಡಿನ ಹಿಂದೆಯೂ ಮುಂದೆಯೂ ಮಂಟಪಕ್ಕೆ, ಪ್ರಸಾದಕ್ಕೆ ದೇಣಿಗೆಯಿತ್ತವರ ಹೆಸರುಗಳನ್ನು ಧ್ವನಿವರ್ಧಕದಲ್ಲಿ ಓದಲಾಗುತ್ತಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದ ಊರದು. ಕೊಡುವ ಕೈ ಅಲ್ಲಿ ದೊಡ್ಡದು, ಅದನ್ನು ಅಲ್ಲಗಳೆಯಲಾರೆ. ಆದರೂ ಆ ಸಂಜೆ ಆ ವಚನ ಯಾರ ಪರವಾಗಿ ನುಡಿಯಿತು ಎಂಬ ಸಂದೇಹ ನನ್ನನ್ನು ಬಿಟ್ಟಿಲ್ಲ.

ಲಿಂಗಸುಗೂರಿನ ಹಿರಿಯರು ಮೊದಲ ಸಾಲನ್ನು ಒಮ್ಮೆ ಹೇಳಿ ದಾಟಿಬಿಟ್ಟರು. ಬಡವನ ಪ್ರಶ್ನೆಯ ಬಳಿ ತುಸು ನಿಂತರು. ಕಂಬ, ಕಳಶಗಳನ್ನು ಮಾತಿನಂತೆಯೇ ಹೇಳಿದರು. ಕಟ್ಟಕಡೆಯ ನಿರ್ಣಯವನ್ನು ಮಾತ್ರ ಐದಾರು ಸಲ, ಒಂದೊಂದು ಸಲಕ್ಕೂ ಏಕತಾರಿಯನ್ನು ಮೆಲ್ಲಗಾಗಿಸುತ್ತ ಹಾಡಿದರು. ಮೇಲಿನ ಷಡ್ಜಕ್ಕೆ ಅವರ ಸ್ವರ ಮುಟ್ಟಲಿಲ್ಲ, ಎರಡು ಕಡೆ ಶ್ರುತಿಯೂ ಜಾರಿತು. ಅದಕ್ಕೆಂದೇ ಅವರಿಗೆ ಮೊದಲ ಸ್ಥಾನ ತಪ್ಪಿತು. ನೆಲದಡಿಯ ಕತ್ತಲಲ್ಲಿ ದುಡಿದು ಅನ್ಯರಿಗೆ ಚಿನ್ನ ತೆಗೆದುಕೊಟ್ಟವರ ಬಾಯಲ್ಲಿ ಹೊನ್ನ ಕಳಶದ ಮಾತು ಕೇಳುವಾಗ ವಿಮರ್ಶಕನ ಲೇಖನಿ ಸ್ವಲ್ಪ ಮೆತ್ತಗಾಗಿದ್ದರೆ ತಾವು ಕ್ಷಮಿಸಬೇಕು.

ಮೂರನೆಯದು ಸಿಂಧನೂರು ಸೀಮೆಯ ಭಜನಾ ಮೇಳವೊಂದು ರಾತ್ರಿಯಿಡೀ ಹಾಡಿದುದರಲ್ಲಿ ಬೆಳಗಿನ ಜಾವದ ಒಂದು ನಿಜಗುಣರ ಪದ. 'ಕೈವಲ್ಯಪದ್ಧತಿ'ಯ ಪದಗಳು, ಸರ್ಪಭೂಷಣ ಶಿವಯೋಗಿಗಳ 'ಕೈವಲ್ಯಕಲ್ಪವಲ್ಲರಿ'ಯ ಪದಗಳು ಹಾಡಲೆಂದೇ ಹುಟ್ಟಿದವು. ಇಲ್ಲಿ ಪಲ್ಲಕ್ಕೆ ಮರಳುವುದೇ ಧರ್ಮ. ಪ್ರತಿ ನುಡಿಯೂ ಪಲ್ಲದ ಅರ್ಥವನ್ನು ಒಂದು ಮೆಟ್ಟಿಲು ಮೇಲಕ್ಕೇರಿಸುತ್ತದೆ. ಮೇಳದವರು ದಮ್ಮಡಿಯ ಗತಿಯನ್ನು ಕೊನೆಯವರೆಗೆ ಏರಿಸಲೇ ಇಲ್ಲ. ಗತಿ ಏರಿಸಿದರೆ ಚಪ್ಪಾಳೆ ಬರುತ್ತದೆಂದು ಗೊತ್ತಿದ್ದೂ ಏರಿಸದಿರುವುದು ಈಗ ಅಪರೂಪ.

ನಾಲ್ಕನೆಯದು ಲಿಂಗಸುಗೂರಿನಲ್ಲಿ ವಿದ್ಯಾರ್ಥಿ ನಿಲಯದ ಮಕ್ಕಳು ಒಕ್ಕೊರಲಿನಿಂದ ಹಾಡಿದ ಬಸವಣ್ಣನವರ ಏಳು 'ಬೇಡ'ಗಳ ವಚನ. ಅದಕ್ಕೆ ರಾಗ ಬೇಕಿಲ್ಲ, ಮಾತಿನಲ್ಲೇ ತಾಳವಿದೆ. ಮಕ್ಕಳು ಅದನ್ನು ಕೆಡಿಸಲಿಲ್ಲ.

ಹೊರಗುಳಿದವುಗಳಲ್ಲಿ ಹೆಚ್ಚು ಚಪ್ಪಾಳೆ ಪಡೆದದ್ದು ಜಾತ್ರೆಯೊಂದರ ಆರ್ಕೆಸ್ಟ್ರಾದವರು ಚಲನಚಿತ್ರದ ಧಾಟಿಗೆ ಹೊಂದಿಸಿದ ವಚನ. ಧಾಟಿ ಎರವಲು ತಂದದ್ದಕ್ಕೆ ನನ್ನ ಆಕ್ಷೇಪವಿಲ್ಲ. ಕಂಪನಿ ನಾಟಕದ ಧಾಟಿಗಳು ಭಜನೆಯೊಳಗೆ ಬಂದು ಎಷ್ಟೋ ಕಾಲವಾಯಿತು. ಆದರೆ ಎಲ್ಲರಿಗೂ ಬಾಯಿಪಾಠವಾದ ಧಾಟಿ ತನ್ನ ಹಳೆಯ ಮಾತನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ವಚನ ಕೇಳುತ್ತಿದ್ದ ಹುಡುಗರ ತುಟಿಗಳಲ್ಲಿ ನಾಯಕನಾಯಿಕೆಯರ ಹಾಡೇ ಆಡುತ್ತಿತ್ತು.

ಮಠದ ಹಳೆಯ ವಿದ್ಯಾರ್ಥಿಗಳಾದ ತಮ್ಮಲ್ಲಿ ಅನೇಕರು ಈಗ ಊರೂರುಗಳಲ್ಲಿ ಶ್ರಾವಣದ ಕಾರ್ಯಕ್ರಮಗಳನ್ನು ನಡೆಸುವವರು, ಗವಾಯಿಗಳನ್ನು ಆಹ್ವಾನಿಸುವವರು. ಸಿಂಧನೂರಿನ ಆ ತರುಣರನ್ನು ತಪ್ಪದೆ ಮತ್ತೆ ಕರೆಯಿಸಿರಿ. ಅಂತಹ ಕಂಠವನ್ನು ಬಿಡುವುದು ಸಲ್ಲದು. ಕರೆಯಿಸಿದಾಗ ಇಷ್ಟನ್ನು ಕೇಳಿಕೊಳ್ಳಿರಿ: ಶ್ರುತಿ ಹಿಡಿಯುವ ಮೊದಲು ಆ ದಿನದ ವಚನವನ್ನು ಆರಂಭದಿಂದ ಅಂಕಿತದವರೆಗೆ, ಅಂಕಿತದಾಚೆ ಮಾತಿದ್ದರೆ ಅಲ್ಲಿಯವರೆಗೆ, ಅವರೇ ಒಂದು ಸಲ ಬಾಯಿಮಾತಿನಲ್ಲಿ ಸಭೆಗೆ ಹೇಳಲಿ. ಒಂದು ನಿಮಿಷವೂ ಹಿಡಿಯದ ಕೆಲಸ. ಯಾವ ಸಾಲಿಗೆ ಮರಳಬೇಕೆಂಬುದು ಹೇಳುವಾಗಲೇ ಅವರಿಗೆ ಹೊಳೆದೀತು.